ಎತ್ತಿಗಿದ್ದ ವಾರ

ನಮ್ಮತ್ತೆಯ ನಾಲಿಗೆಗೆ ಹೆದರದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ರೊಟ್ಟಿ ದಪ್ಪವಾದರೆ ಒಂದು ಮಾತು, ತೆಳ್ಳಗಾದರೆ ಇನ್ನೊಂದು ಮಾತು. ಲಗ್ನವಾಗಿ ಹೋದ ಹೊಸದರಲ್ಲಿ ನಾನು ಮೂಲೆ ಹಿಡಿದು ಕಣ್ಣೀರು ಹಾಕುತ್ತಿದ್ದೆ, ಬರಬರುತ್ತ ನಾನೂ ತಿರುಗಿ ಮಾತಾಡಲು ಕಲಿತೆ. ಇಷ್ಟಾದರೂ ಇವತ್ತು ಯಾರಾದರೂ ನೀನು ಯಾರ ಮನೆಯವಳು ಎಂದು ಕೇಳಿದರೆ, ಗಂಡನನ್ನು ಹೇಳುವ ಮೊದಲು ನಾನು ಆ ಮುದುಕಿಯ ಸೊಸೆ ಎಂದು ಹೇಳುತ್ತೇನೆ. ಎದೆಯುಬ್ಬಿಸಿಯೇ ಹೇಳುತ್ತೇನೆ. ಯಾಕೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೂ ಇದರಲ್ಲಿ ಹೆಮ್ಮೆ ಪಡುವಂಥದ್ದು ಏನಿದೆ ಎನ್ನುವವರ ಜೊತೆ ನಾನು ವಾದಕ್ಕೆ ಕೂರುವವಳಲ್ಲ.

ಅದು ನಿಜಾಮರ ಕಾಲ. ಜಹೀರಾಬಾದಿನಿಂದ ನಾರಾಯಣಖೇಡಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ಸಾಕಷ್ಟು ನಡೆದರೆ ಆ ಊರು. ಊರಿನ ಹೊರಗೆ ನಮ್ಮ ಕೇರಿ. ಕೇರಿಯಲ್ಲಿ ಕೆಲವು ಮನೆಗಳವರು ದೀಕ್ಷಾಸ್ನಾನ ತೆಗೆದುಕೊಂಡು ಯೇಸುಸ್ವಾಮಿಯವರಾಗಿದ್ದರು, ಉಳಿದವರು ಹಿಂದಿನಂತೆ ಗ್ರಾಮದೇವತೆ ಪೋಚಮ್ಮನಿಗೆ ನಡೆದುಕೊಳ್ಳುತ್ತಿದ್ದರು. ನಮ್ಮ ಮನೆ ಯೇಸುಸ್ವಾಮಿಯ ಕಡೆ. ಒಂದೇ ಗೋಡೆಯ ಆಚೆ ನನ್ನ ಗಂಡನ ಕಾಕಾ ಇದ್ದ, ಅಂದರೆ ನಮ್ಮ ಮಾವನ ಖಾಸಾ ತಮ್ಮ. ಅವನು ಪೋಚಮ್ಮನ ಕಡೆ. ಮಾವ ತೀರಿಕೊಂಡಿದ್ದರು, ಕಾಕಾನಿಗೂ ಹೆಂಡತಿ ಇರಲಿಲ್ಲ. ನಡುವಿನ ಮಣ್ಣುಗೋಡೆಯಲ್ಲಿ ಒಂದು ದೊಡ್ಡ ಕಿಂಡಿ ಇತ್ತು. ಕೆಂಡ, ಉಪ್ಪು, ಜಗಳ ಎಲ್ಲವೂ ಅದರೊಳಗಿಂದಲೇ ಹೋಗಿಬರುತ್ತಿದ್ದವು.

ನಾನು ಜಹೀರಾಬಾದಿನಲ್ಲಿ ಪಾದ್ರಿಗಳ ಬೋರ್ಡಿಂಗಿನಲ್ಲಿ ಬೆಳೆದವಳು. ಅಲ್ಲಿ ಆದಿತ್ಯವಾರ ಅಂದರೆ ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಗಂಟೆ, ಹಾಡು, ಮಧ್ಯಾಹ್ನಕ್ಕೆ ಅನ್ನ. ಅವತ್ತು ಕಸ ಗುಡಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಆ ಒಂದು ದಿನವನ್ನು ನಾನು ತವರಿನ ಬಳುವಳಿಯ ಹಾಗೆ ಗಂಟಿನಲ್ಲಿ ಕಟ್ಟಿಕೊಂಡು ಗಂಡನ ಮನೆಗೆ ಹೋಗಿದ್ದೆ. ಹೋದ ಮೊದಲ ಆದಿತ್ಯವಾರವೇ ಆ ಗಂಟು ಬಿಚ್ಚಿಹೋಯಿತು. ಬೇವಿನ ಗಿಡದ ಕೆಳಗೆ ಎಲ್ಲರೂ ಕೂತು ಇನ್ನೂ ಮೊದಲನೆಯ ಹಾಡು ಮುಗಿಸಿರಲಿಲ್ಲ, ಪಟೇಲರ ಹೇಳಿಕೆ ತರುವ ವಾಲಿಕಾರ ಕೋಲು ನೆಲಕ್ಕೆ ಕುಟ್ಟುತ್ತ ಬಂದ.

"ತಹಶೀಲ್ದಾರ ಸಾಹೇಬ್ರ ದೌರಾ ಅದ. ಸಾಮಾನು ಹೊರಾಕ ಇಬ್ರು ಏಳ್ರಿ. ಜಲ್ದಿ."

ನನ್ನ ಗಂಡ ಹಾಡು ಅರ್ಧಕ್ಕೆ ಬಿಟ್ಟು ಎದ್ದ. ಇದು ಬಿಟ್ಟಿ. ಆ ಕಾಲದವರಿಗೆ ವಿವರಿಸಬೇಕಾಗಿಲ್ಲ, ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ದೌರೆಗೆ, ಅಂದರೆ ಊರೂರು ತಪಾಸಣೆಗೆ, ಬಂದ ಸಾಹೇಬರ ಡೇರೆ, ಪೆಟ್ಟಿಗೆ, ಕುರ್ಚಿ, ಅಡಿಗೆಯ ಪಾತ್ರೆ ಎಲ್ಲವನ್ನೂ ನಮ್ಮ ಕೇರಿಯವರು ತಲೆಯ ಮೇಲೆ ಹೊತ್ತು ಮುಂದಿನ ಊರಿನ ಗಡಿಗೆ ಮುಟ್ಟಿಸಬೇಕು. ಅಲ್ಲಿಂದ ಆ ಊರಿನ ಕೇರಿಯವರು ಹೊರಬೇಕು. ಕೂಲಿ ಕೊಡುವುದಿಲ್ಲ, ಊಟ ಕೊಡುವುದಿಲ್ಲ, ಬರುವುದಿಲ್ಲ ಅನ್ನುವ ಹಾಗಿಲ್ಲ. ಅಪ್ಪ ಹೊತ್ತಿದ್ದ, ಆದ್ದರಿಂದ ಮಗ ಹೊರಬೇಕು. ವಾರದ ಯಾವ ದಿನ ಕರೆ ಬರುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ, ಹಾಗಾಗಿ ಯಾವ ದಿನವೂ ನಮ್ಮದಾಗಿರಲಿಲ್ಲ.

ಜಹೀರಾಬಾದಿನ ಪಾದ್ರಿಯವರು ತಿಂಗಳಿಗೊಮ್ಮೆ ನಮ್ಮ ಸಭೆಗೆ ಬರುತ್ತಿದ್ದರು. ದೇವರ ದಿನವನ್ನು ಬಿಡಬಾರದು, ಪಟೇಲರನ್ನು ವಿನಯದಿಂದ ಕೇಳಿಕೊಳ್ಳಿ ಎಂದು ಅವರು ಬುದ್ಧಿ ಹೇಳಿದರು. ನಮ್ಮ ಗಂಡಸರು ಧೈರ್ಯ ಮಾಡಿ ಹೋಗಿ ಕೇಳಿದರು. ಪಟೇಲರು ಲಿಂಗವಂತರು, ದೈವಭಕ್ತರು, ಸಿಟ್ಟು ಮೂಗಿನ ತುದಿಯಲ್ಲೇ ಇದ್ದರೂ ಕೆಟ್ಟವರಲ್ಲ. ನಮ್ಮವರು ಬೈಸಿಕೊಳ್ಳಲು ತಯಾರಾಗಿ ಹೋಗಿದ್ದರು, ಆದರೆ ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಸುಲಭವಾಗಿ ಒಪ್ಪಿಬಿಟ್ಟರು.

"ಆತು, ನಿಮ್ಮ ಐತವಾರ ನಿಮಗಿರ್ಲಿ. ಕೇರ್ಯಾಗ ಇನ್ನೂ ಮಂದಿ ಇದ್ದಾರಲ್ಲ, ಅವ್ರು ಬರ್ತಾರ. ನನಗ ಕೆಲಸ ಆದ್ರ ಆತು."

ಆ ರಾತ್ರಿ ನಮ್ಮ ಮನೆಯಲ್ಲಿ ಬೆಲ್ಲ ಹಾಕಿ ಮಾದಲಿ ಮಾಡಿದೆವು. ನಾನಂತೂ ಸೀರೆಗೆ ಗಂಜಿ ಹಾಕಿ ಒಣಗಿಸಿ ಮಡಿಚಿ ಇಟ್ಟೆ. ಮುಂದಿನ ಆದಿತ್ಯವಾರ ಬೇವಿನ ಗಿಡದ ಕೆಳಗೆ ಹಾಡು ಹಾಡಿದ್ದು ಕೇಳಬೇಕಿತ್ತು. ಗಂಡಸರೆಲ್ಲ ಕೂತಿದ್ದರು, ಯಾರ ಕಣ್ಣೂ ದಾರಿಯ ಕಡೆಗಿರಲಿಲ್ಲ. ವಾಲಿಕಾರ ಬಂದ, ನಮ್ಮನ್ನು ನೋಡಿದರೂ ನೋಡದವನಂತೆ ದಾಟಿ ಆಚೆ ಮನೆಗಳ ಕಡೆಗೆ ಹೋದ. ಸ್ವಲ್ಪ ಹೊತ್ತಿಗೆ ಕಾಕಾ ನಮ್ಮ ಮುಂದೆಯೇ ಹಾದುಹೋದ. ತಲೆಯ ಮೇಲೆ ಡೇರೆಯ ಗಂಟು, ಅದರ ಮೇಲೆ ಒಂದು ಪೆಟ್ಟಿಗೆ. ಅವನಿಗೆ ಎಡಮೊಣಕಾಲು ಬಾತು ಎಷ್ಟೋ ದಿನವಾಗಿತ್ತು. ಗಿಡದ ಹತ್ತಿರ ಬಂದು ನಿಂತು ಅತ್ತಿಗೆಯನ್ನು ಕರೆದ.

"ವೈನಿ, ಜರಾ ನೀರು ಕೊಡು."

ಅತ್ತೆ ಹಾಡು ನಿಲ್ಲಿಸಿ ಎದ್ದು ಹೋಗಿ ತಂಬಿಗೆ ತಂದಳು. "ಇದು ಇಬ್ಬರ ಹೊರಿ ಅದ. ನೀ ಒಬ್ಬನ ಯಾಕ ಹೊತ್ತೀಯೊ?"

ಕಾಕಾ ನೀರು ಕುಡಿದು, ಹಾಡಿನವರ ನಡುವೆ ಕೂತಿದ್ದ ನನ್ನ ಗಂಡನ ಕಡೆಗೆ ಕಣ್ಣು ತಿರುಗಿಸಿ ನಕ್ಕ. "ಇನ್ನೊಬ್ಬಾಂವ ಹಾಡು ಹಾಡಾಕ ಕುಂತಾನಲ್ಲ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಚೇಷ್ಟೆ ಮಾಡಿ ಮತ್ತೆ ಕುಂಟುತ್ತ ಹೋದ. ನಾವು ಹಾಡು ಮುಂದುವರಿಸಿದೆವು, ಆದರೆ ಅತ್ತೆಯ ಕಣ್ಣು ಕಾಕಾ ಹೋದ ದಾರಿಯ ಮೇಲಿತ್ತು. ಹಾಡು ಮುಗಿದ ಕೂಡಲೇ ನನ್ನ ಕಡೆ ತಿರುಗಿ, "ಏ ಸೊಸಿ, ದೇವರ ದಿನದ ಆಜ್ಞಾ ಅದ ಅಲ್ಲ, ಅದನ್ನ ಓದು," ಎಂದಳು. ಸಭೆಯಲ್ಲಿ ಓದು ಬರುತ್ತಿದ್ದವರು ಕಡಿಮೆ, ಆ ಕೆಲಸ ನನ್ನದಾಗಿತ್ತು. ನಾನು ಓದಿದೆ. ಬೋರ್ಡಿಂಗಿನಲ್ಲಿ ಬಾಯಿಪಾಠ ಮಾಡಿದ್ದ ವಾಕ್ಯ ಅದು, ಗಿಣಿಯ ಹಾಗೆ ಓದಿದೆ. ಆ ದಿನ ನೀನು ದುಡಿಯಬಾರದು ಅನ್ನುವುದರ ಜೊತೆಗೇ ನಿನ್ನ ಆಳು ದುಡಿಯಬಾರದು, ನಿನ್ನ ಎತ್ತು ದುಡಿಯಬಾರದು, ನಿನ್ನ ಊರಲ್ಲಿ ಬಂದು ಇಳಿದುಕೊಂಡ ಪರದೇಶಿ ದುಡಿಯಬಾರದು ಎಂದು ಇದೆ.

"ಪರದೇಶಿ ಅಂದ್ರ ಯಾರು?"

"ಬ್ಯಾರೆ ಊರಿನಾಂವ, ಬ್ಯಾರೆ ದೇವರಿಗಿ ನಡಕೊಳ್ಳಾಂವ," ಎಂದೆ.

"ಅಂವಗೂ ಅದ. ಎತ್ತಿಗೂ ಅದ. ನಮ್ಮ ಗೋಡಿ ಹಿಂದ ಇದ್ದಾಂವಗ ಇಲ್ಲೇನು?"

ಸಭೆಯ ಹಿರಿಯ ಒಬ್ಬ ಇದ್ದ, ಅಳೆದು ತೂಗಿ ಮಾತಾಡುವವ. ಅವನು ಹೇಳಿದ, "ಹಂಗಲ್ಲವ್ವ. ನಿನ್ನ ಮೈದುನ ದೀಕ್ಷಾಸ್ನಾನ ತಗೊಳ್ಳಲಿ. ತಗೊಂಡ್ರ ಅಂವಗೂ ಐತವಾರ ಸಿಗ್ತದ. ಖರೆ ಹೇಳಬೇಕಂದ್ರ ಇದು ಚಲೋನೇ ಆತು. ಹಿಂಗಾದ್ರೂ ನಾಕು ಮಂದಿ ಒಳಗ ಬರ್ತಾರ."

ಅತ್ತೆ ಎದ್ದು ನಿಂತಳು. "ದೇವರ ದಿನಾನ ಗಾಳಕ್ಕ ಚುಚ್ಚೋ ಹುಳಾ ಮಾಡ್ತೀಯೇನು? ನಮ್ಮ ಹೊರಿ ಅಂವನ ತಲಿ ಮ್ಯಾಲ ಇಟ್ಟು ನಾವು ನೆಳ್ಳಾಗ ಕುಂತೀವಿ. ಇದಕ್ಕ ವಿಶ್ರಾಂತಿ ಅಂತಾರೇನು? ನಾವೂ ಸಣ್ಣ ಸಣ್ಣ ಪಟೇಲ್ರಾಗೀವಿ, ಅಷ್ಟ."

ನನಗೆ ಒಳಗೊಳಗೇ ಉರಿಯುತ್ತಿತ್ತು. ಒಂದೇ ಒಂದು ಆದಿತ್ಯವಾರ ನೆಟ್ಟಗೆ ಕಂಡಿದ್ದೆ, ಅದರ ಮೇಲೂ ಈ ಮುದುಕಿಯ ಕಣ್ಣು ಬಿತ್ತಲ್ಲ ಎಂದು. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಅಷ್ಟು ವರ್ಷ ಆ ಆಜ್ಞೆಯನ್ನು ಒಪ್ಪಿಸಿದ ನನಗೆ ಅದರೊಳಗೆ ಎತ್ತು ನಿಂತಿದ್ದು, ಪರದೇಶಿ ನಿಂತಿದ್ದು ಕಂಡಿರಲೇ ಇಲ್ಲ. ಈಗ ಸಭೆಗಳಿಗೆ ಹೋದಾಗ ನಮ್ಮವರಿಗೆ ಇದು ಸಿಗಲಿ, ನಮ್ಮ ಮಕ್ಕಳಿಗೆ ಅದು ಸಿಗಲಿ, ಉಳಿದವರದು ಉಳಿದವರು ನೋಡಿಕೊಳ್ಳಲಿ ಎಂದು ದೊಡ್ಡ ದೊಡ್ಡವರು ಮಾತಾಡುವುದನ್ನು ಕೇಳುತ್ತೇನೆ. ಕೇಳುವಾಗೆಲ್ಲ ಅವಳ 'ಸಣ್ಣ ಪಟೇಲ್ರು' ನೆನಪಾಗಿ ನಗು ಬರುತ್ತದೆ. ಕೆಲವು ಸಲ ಗಟ್ಟಿಯಾಗಿಯೇ ನಕ್ಕು ಬೈಸಿಕೊಂಡದ್ದೂ ಇದೆ.

ಮರುದಿನ ಸೋಮವಾರ ಮುಂಜಾನೆಯೇ ಅತ್ತೆ ಸೆರಗು ಬಿಗಿದು ಹೊರಟಳು. ನನ್ನ ಗಂಡ ಬೇಡ ಅಂದ. ಅವನ ಮಾತು ಅವಳ ಬೆನ್ನಿಗೆ ಬಿತ್ತು. ಒಬ್ಬಳನ್ನೇ ಬಿಡಲು ಮನಸ್ಸಾಗದೆ ನಾನು ಹಿಂದೆ ಹೋದೆ. ಸೋಮವಾರ ಪಟೇಲರು ಹೊಲಕ್ಕೆ ಹೋಗುವುದಿಲ್ಲ, ಮನೆಯಲ್ಲೇ ಸಿಗುತ್ತಾರೆ ಎಂದು ಊರಿಗೆಲ್ಲ ಗೊತ್ತು. ಅವರ ಅಂಗಳದೊಳಗೆ ನಾವು ಕಾಲಿಡುವ ಹಾಗಿರಲಿಲ್ಲ, ದೊಡ್ಡ ಬಾಗಿಲಿನ ಹೊರಗೇ ನಿಂತೆವು. ಒಳಗೆ ಹುಣಸೆಗಿಡದ ನೆರಳಿನಲ್ಲಿ ಎರಡು ಬಿಳಿ ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಮೈ ತೊಳೆಸಿಕೊಂಡು ಹಣೆಗೆ ಭಸ್ಮ ಹಚ್ಚಿಸಿಕೊಂಡಿದ್ದವು. ಪಟೇಲರು ಬಟ್ಟಲಲ್ಲಿ ಎಣ್ಣೆ ಇಟ್ಟುಕೊಂಡು, ನೊಗ ತಿಕ್ಕಿ ಗಟ್ಟಿಯಾದ ಎತ್ತಿನ ಹೆಗಲಿಗೆ ತಮ್ಮ ಕೈಯಿಂದಲೇ ನೀವುತ್ತಿದ್ದರು. ಆಳುಗಳು ಬೇಕಾದಷ್ಟಿದ್ದರೂ ಆ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ.

"ಶರಣ್ರಿ ಪಟೇಲ್ರ," ಎಂದಳು ಅತ್ತೆ.

"ಏನವ್ವ, ನಿಮ್ಮ ಐತವಾರ ಕೊಟ್ಟೀನಲ್ಲ. ಮತ್ತೇನು ಬೇಕಾಗ್ಯದ?"

"ಅದನ್ನ ವಾಪಸ್ ಕೊಡಾಕ ಬಂದೀನ್ರಿ."

ಪಟೇಲರ ಕೈ ನಿಂತಿತು.

"ಕೊಟ್ರ ಕೇರಿಗೆಲ್ಲಾ ಒಂದಿನ ಕೊಡ್ರಿ. ನಮಗಷ್ಟ ಬ್ಯಾಡ್ರಿ. ನಾವು ಕುಂತ್ರ ನಮ್ಮ ಹೊರಿ ಅವ್ರ ತಲಿಗಿ ಹೋಗ್ತದ."

"ಬಂದ ಸಾಹೇಬ್ರ ಪೆಟಗಿ ಮತ್ತ ನಾ ಹೊರ್ಲೇನು?"

"ಇವತ್ತ ಸೋಮಾರ ಅದ. ಈ ಎತ್ತಿನ ಹೆಗಲ ಮ್ಯಾಲ ಇವತ್ತ ನೊಗ ಇಡ್ತೀರೇನ್ರಿ?"

"ಹುಚ್ಚೀಯೇನು? ಬಸವನ ವಾರ ಯಾರರೆ ನೊಗ ಇಡ್ತಾರೇನು?"

"ತಹಶೀಲ್ದಾರ ಸಾಹೇಬ್ರು ಬಂದು ಗಾಡಿ ಹೂಡು ಅಂದ್ರ?"

"ಅವ್ರಲ್ಲ, ಅವ್ರ ಮ್ಯಾಲಿನವ್ರು ಬಂದು ಅಂದ್ರೂ ಇಲ್ಲ."

ಅತ್ತೆ ಸುಮ್ಮನೆ ಒಮ್ಮೆ ಎತ್ತುಗಳನ್ನು ನೋಡಿದಳು. ಆಮೇಲೆ ದನಿ ಏರಿಸದೆ ಕೇಳಿದಳು, "ಎತ್ತಿಗಿ ಒಂದು ವಾರ ಅದ. ನನ್ನ ಮೈದುನಗ ಯಾವ ವಾರ ಅದ, ಹೇಳ್ರಿ."

ಪಟೇಲರಿಗೆ ಹಾಗೆ ಎದುರು ನಿಂತು ಪ್ರಶ್ನೆ ಕೇಳಿದವರನ್ನು ನಾನು ನೋಡಿರಲಿಲ್ಲ, ಅವರೂ ನೋಡಿರಲಿಲ್ಲ. ಅವರ ಮುಖ ಕೆಂಪಾಯಿತು. ಎಣ್ಣೆಯ ಬಟ್ಟಲನ್ನು ಕಟ್ಟೆಯ ಮೇಲೆ ಕುಕ್ಕಿದರು.

"ಬಾಯಿ ಭಾಳ ಆಗ್ಯದ ನಿಂದು. ಕೊಟ್ಟದ್ದೂ ಇಲ್ಲ ಹೋಗು. ಐತವಾರನೂ ಬರಬೇಕು, ಎಲ್ಲಾ ವಾರನೂ ಬರಬೇಕು. ಬರ್ಲಿಲ್ಲ ಅಂದ್ರ ನಿಮ್ಮ ಕೇರ್ಯಾವ್ರು ಒಬ್ರೂ ಈ ಸುಗ್ಗ್ಯಾಗ ನನ್ನ ಹೊಲದಾಗ ಕಾಲಿಡಬ್ಯಾಡ್ರಿ."

ಬಿಳಿಜೋಳದ ಸುಗ್ಗಿ ಎದುರಿಗೇ ಇತ್ತು. ಊರಿನ ಒಳ್ಳೆಯ ಹೊಲವೆಲ್ಲ ಪಟೇಲರದು. ಸುಗ್ಗಿಯಲ್ಲಿ ತೆನೆ ಮುರಿದು ತಂದ ಕೂಲಿಜೋಳವೇ ನಮಗೆ ಮಳೆಗಾಲದವರೆಗಿನ ರೊಟ್ಟಿ. ಅಂದರೆ ಅತ್ತೆ ಒಂದು ಆದಿತ್ಯವಾರ ಕೊಡಲು ಹೋಗಿ ಇಡೀ ಕೇರಿಯ ಅನ್ನ ಕೊಟ್ಟು ಬಂದಂತಾಯಿತು. ಕೇರಿಯಲ್ಲಿ ಅವಳಿಗೆ ಬಿದ್ದ ಬೈಗುಳ ನಾನು ಬರೆಯುವುದಿಲ್ಲ. ಸಭೆಯ ಹಿರಿಯನೂ ಬೈದ, ಪೋಚಮ್ಮನ ಕಡೆಯವರೂ ಬೈದರು. ನನ್ನ ಗಂಡ ಅಂತೂ ಗಂಟು ಕಟ್ಟಲು ಶುರುಮಾಡಿದ.

"ತಾಂಡೂರಾಗ ಕಲ್ಲಿನ ಖಣಿ ಅವ. ಕಲ್ಲು ಒಡದ್ರ ಕೈಯಾಗ ಕೂಲಿ ಕೊಡ್ತಾರ, ಯಾರ ಪೆಟಗೀನೂ ಹೊರಾಂಗಿಲ್ಲ. ನಡಿಯವ್ವ, ಹೋಗಮು."

"ನೀ ಹೋಗು. ನಿನ್ನ ಕಾಕಾ ಆ ಮೊಣಕಾಲು ತಗೊಂಡು ಹ್ಯಾಂಗ ಕಲ್ಲು ಒಡೀತಾನ? ನಾ ಇಲ್ಲೇ ಕೂಡ್ತೀನಿ," ಎಂದಳು. ಅವನ ಗಂಟು ಅಲ್ಲೇ ಬಾಗಿಲ ಬಳಿ ಉಳಿಯಿತು. ತಾಯಿಯನ್ನು ಬಿಟ್ಟು ಹೋಗುವ ಗಂಡಸಲ್ಲ ಅವನು, ಗೊಣಗುವುದರಲ್ಲೇ ಅವನ ಶೌರ್ಯ.

ಸಂಜೆ ಕಿಂಡಿಯಲ್ಲಿ ಕಾಕಾನ ಮುಖ ಕಂಡಿತು. "ವೈನಿ, ನನ್ನ ಸಲುವಾಗಿ ನಿಮ್ಮ ಐತವಾರ ಕಳಕೊಂಡ್ರೇನು?"

"ನಿನ್ನ ಸಲುವಾಗಿ ಯಾರು ಕಳಕೋತಾರ? ನಮ್ಮ ದೇವರ ಸಲುವಾಗಿ ಕಳಕೊಂಡೀವಿ. ನೀ ಹೋಗಿ ಮೊಣಕಾಲಿಗಿ ಎಣ್ಣಿ ಹಚ್ಚು."

ಕಾಕಾ ಹೋಗಲಿಲ್ಲ. ಅಲ್ಲೇ ನಿಂತು ಯೋಚಿಸಿದ. ಆಮೇಲೆ, ನಾಳೆ ವಾಲಿಕಾರ ಬಂದರೆ ತಾನೂ ಏಳುವುದಿಲ್ಲ ಎಂದ. ಆ ಮಾತು ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ, ಬೈಯುತ್ತಿದ್ದವರೆಲ್ಲ ನಿಧಾನವಾಗಿ ಬೈಗುಳ ನಿಲ್ಲಿಸಿದರು. ಹೊಲಕ್ಕಂತೂ ಕರೆಯುವುದಿಲ್ಲ, ಮತ್ತೆ ಬಿಟ್ಟಿಗೆ ಯಾಕೆ ಹೋಗಬೇಕು ಎಂಬ ಲೆಕ್ಕ ಎಲ್ಲರಿಗೂ ಸರಿ ಕಂಡಿತು. ವಾಲಿಕಾರ ಬಂದು ಕೋಲು ಕುಟ್ಟಿ ಕುಟ್ಟಿ ವಾಪಸು ಹೋದ. ಸಾಹೇಬರ ಸಾಮಾನು ಪಟೇಲರದೇ ಗಾಡಿಯ ಮೇಲೆ ಮುಂದಿನ ಊರಿಗೆ ಹೋಯಿತಂತೆ.

ನಮ್ಮ ಹೆಂಗಸರಿಗೆ ಒಂದು ರೂಢಿ ಇತ್ತು. ಬೀಸಲು ಕೂರುವ ಮೊದಲು ಒಂದು ಹಿಡಿ ಜೋಳ ತೆಗೆದು ದೇವರ ಹೆಸರಿನ ಗಡಿಗೆಗೆ ಹಾಕುವುದು. ಸಭೆಗೆ ಒಂದು ಮಾಡು ಕಟ್ಟಿಸಬೇಕೆಂದು ಆ ಹಿಡಿಜೋಳ ಕೂಡಿಡುತ್ತಿದ್ದೆವು. ಅತ್ತೆ ಗಡಿಗೆಗಳ ಬಾಯಿ ಬಿಚ್ಚಿದಳು. ಯಾರ ಮನೆಯಲ್ಲಿ ಬೀಸುವ ಕಲ್ಲಿನ ಸದ್ದು ಇಲ್ಲವೋ ಆ ಮನೆಗೆ ಮೊರದಲ್ಲಿ ಹಾಕಿ ಕಳಿಸಿದಳು. ಇವರು ನಮ್ಮವರು, ಅವರು ಆಚೆಯವರು ಎಂದು ನೋಡಲಿಲ್ಲ. ಕಿಂಡಿಯಲ್ಲಿ ಕೈ ಚಾಚಿ ಕೊಟ್ಟವಳು ನಾನೇ. ಮಾಡು ಕಟ್ಟುವುದು ಯಾವಾಗ ಎಂದು ಹಿರಿಯ ಕೇಳಿದ್ದಕ್ಕೆ, ಬೇವಿನ ಗಿಡ ಇನ್ನೂ ಬಿದ್ದಿಲ್ಲ ಎಂದಳು.

ಹೀಗೆ ಸೋಮವಾರ ತಿರುಗಿ ಬಂತು. ಪಟೇಲರು ವಾಲಿಕಾರನನ್ನೂ ಕರೆದುಕೊಳ್ಳದೆ ಕೇರಿಯ ಬಾಯಿಗೆ ಬಂದು ನಿಂತರು. ಹೊರಗಿನಿಂದ ತರಿಸಿದ ಆಳುಗಳು ತೆನೆ ಮುರಿದದ್ದಕ್ಕಿಂತ ಕಾಳು ಉದುರಿಸಿದ್ದೇ ಹೆಚ್ಚು ಎಂಬ ಸುದ್ದಿ ನಮಗೂ ಬಂದಿತ್ತು. ಆದರೆ ಅವರು ಅದನ್ನು ಎತ್ತಲಿಲ್ಲ. ಅವರು ಹೇಳಿದ್ದು ಬೇರೆ.

"ನಿನ್ನ ಮಾತು ಕೇಳಿದಾಗಿಂದ ಎತ್ತಿಗಿ ಎಣ್ಣಿ ಹಚ್ಚಾಕ ಕುಂತ್ರ ಅದು ನನ್ನ ಮಾರಿ ನೋಡ್ತದ. ನನಗ ಆಗವಲ್ದು."

ಎತ್ತು ನೋಡಿತೋ, ಉದುರಿದ ಜೋಳ ನೋಡಿತೋ, ನಾನು ಆಣೆ ಮಾಡಿ ಹೇಳಲಾರೆ. ಅತ್ತೆ ಮಾತ್ರ ಎತ್ತೇ ಎಂದು ಸಾಯುವವರೆಗೂ ಹೇಳುತ್ತಿದ್ದಳು.

ಪಟೇಲರು ಮುಂದೆ ಹೇಳಿದರು. "ನೋಡವ್ವ, ಸರಕಾರದ ಕಚೇರಿಗೆ ಸೂಟಿ ಶುಕ್ರವಾರ. ಐತವಾರ ಸಾಹೇಬ್ರು ಬಂದೇ ಬರ್ತಾರ. ಐತವಾರ ನಮ್ಮ ಕೇರ್ಯಾಗ ಯಾರೂ ಏಳಂಗಿಲ್ಲ ಅಂದ್ರ ನನ್ನ ಪಟೇಲಕಿ ಉಳಿಯಂಗಿಲ್ಲ. ಖರೆ ಸೋಮಾರ ನಂದು. ಸೋಮಾರ ನನ್ನೂರಾಗ ಯಾವ ಹೆಗಲ ಮ್ಯಾಲೂ ಹೊರಿ ಇಡಂಗಿಲ್ಲ, ನಮ್ಮ ಹಿರ್ಯಾರ ಕಾಲದ್ದು, ನಮ್ಮ ಧರ್ಮದ ಮಾತು ಅಂತ ಯಾವ ಸಾಹೇಬ್ರ ಮುಂದರೆ ಹೇಳ್ತೀನಿ. ಅದನ್ನ ಯಾರೂ ತಗದು ಹಾಕಾಂಗಿಲ್ಲ. ನಿಮ್ಮ ಸಭಾದವ್ರಿಗಷ್ಟ ಐತವಾರ ಬೇಕೋ, ಕೇರಿಗೆಲ್ಲಾ ಸೋಮಾರ ಬೇಕೋ, ವಿಚಾರ ಮಾಡಿ ಹೇಳ್ರಿ. ಏನರೆ ಆಗ್ಲಿ, ನಾಳಿಂದ ಹೊಲಕ್ಕ ಬರ್ರಿ."

ಹಿರಿಯ ಕೂಡಲೇ ಅತ್ತೆಯನ್ನು ಪಕ್ಕಕ್ಕೆ ಕರೆದ. "ಸೋಮಾರ ಅಂದ್ರ ಶಿವನ ವಾರ. ಅವತ್ತ ನಾವು ಹ್ಯಾಂಗ ಯೇಸುಸ್ವಾಮಿ ಹಾಡು ಹಾಡೋದು? ಪಾದ್ರಿಯವ್ರು ಏನಂದಾರು?"

"ಸೋಮಾರ ಯಾರು ಹುಟ್ಟಿಸ್ಯಾರ? ನಮ್ಮ ದೇವರು ಐತವಾರ ಒಂದ ಹುಟ್ಟಿಸಿ, ಉಳಿದದ್ದು ಬ್ಯಾರೆಯವ್ರಿಗಿ ಬಿಟ್ಟು ಹೋಗ್ಯಾನೇನು?"

ಪಟೇಲರಿಗೆ ಈ ಮಾತು ಕೇಳಿಸಿತು. ಅವರು ಮೀಸೆಯೊಳಗೆ ನಕ್ಕರೆಂದು ನನಗೆ ಅನ್ನಿಸಿತು. ಅತ್ತೆ ಅವರ ಕಡೆ ತಿರುಗಿ, "ಕೇರಿಗೆಲ್ಲಾ ಸೋಮಾರ ಕೊಡ್ರಿ," ಎಂದಳು.

ನನ್ನ ಆದಿತ್ಯವಾರ ಅವತ್ತು ಹೋಯಿತು. ಎರಡು ದಿನ ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಆಮೇಲೆ ಮೊದಲನೆಯ ಸೋಮವಾರ ಬಂತು, ಗಂಜಿ ಹಾಕಿದ ಸೀರೆ ಉಟ್ಟು ಬೇವಿನ ಗಿಡದ ಕೆಳಗೆ ಕೂತೆ. ಕೂತು ಸುತ್ತ ನೋಡಿದೆ. ಇಡೀ ಕೇರಿ ಮನೆಯಲ್ಲಿತ್ತು. ಪೋಚಮ್ಮನ ಕಡೆಯವರು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುವುದನ್ನೂ ಬಿಟ್ಟು ಸುಮ್ಮನೆ ಹರಟುತ್ತಿದ್ದರು. ಹೆಂಗಸರು ಒಬ್ಬರ ತಲೆ ಒಬ್ಬರು ನೋಡುತ್ತಿದ್ದರು. ಕಾಕಾ ಗೋಡೆಗೆ ಒರಗಿ, ಬಾತ ಕಾಲನ್ನು ಬಿಸಿಲಿಗೆ ಚಾಚಿ, ಹಾಡಿನ ನಡುವೆಯೇ ಗೊರಕೆ ಹೊಡೆಯುತ್ತಿದ್ದ. ವಾಲಿಕಾರನೂ ಬಂದಿರಲಿಲ್ಲ, ಅವನಿಗೂ ಅವತ್ತು ಬಿಡುವು. ಹಗಲು ಹೊತ್ತಿನಲ್ಲಿ ಕಾಕಾ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನೋಡುತ್ತ ನೋಡುತ್ತ ನನಗೆ ಹಾಡಿನ ಸಾಲು ತಪ್ಪಿತು. ಬೋರ್ಡಿಂಗಿನ ಯಾವ ಆದಿತ್ಯವಾರದಲ್ಲೂ ದೇವರ ದಿನ ಅಂದರೆ ಏನೆಂದು ನನಗೆ ಹಾಗೆ ಗೊತ್ತಾಗಿರಲಿಲ್ಲ. ಆ ಗೊರಕೆಯ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಉಳಿದದ್ದು ಪಾದ್ರಿಯವರ ಪಾಲಿನ ಕಥೆ. ಅವರು ತಮ್ಮ ಪದ್ಧತಿಯಂತೆ ಆದಿತ್ಯವಾರವೇ ಬಂದರು. ನಾವು ಹೊಲದಲ್ಲಿದ್ದೆವು. ಹೊತ್ತು ಇಳಿದ ಮೇಲೆ ಕೈಕಾಲು ಮಣ್ಣಾಗಿ ಬಂದರೆ, ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಅವರು ಮುಖ ಗಂಟು ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಕರಿಯ ಟ್ರಂಕು ಇತ್ತು. ಕರ್ತನ ನೆನಪಿಗೆ ರೊಟ್ಟಿ ಮುರಿದು ಹಂಚುವ ಪ್ರಭುಭೋಜನದ ಬಟ್ಟಲು, ಪುಸ್ತಕಗಳು, ಅವರ ಹಾಸಿಗೆ ಬಟ್ಟೆ ಎಲ್ಲ ಅದರಲ್ಲೇ. ಪಾದ್ರಿಯವರು ತೆಲುಗಿನ ಕಡೆಯವರು, ಕನ್ನಡವನ್ನು ಪುಸ್ತಕದಿಂದ ಕಲಿತವರು. ಒಳ್ಳೆಯ ಮನುಷ್ಯರು, ನನಗೆ ಅಕ್ಷರ ತಿದ್ದಿಸಿದವರೇ ಅವರು. ಅತ್ತೆ ನಡೆದದ್ದನ್ನೆಲ್ಲ ಹೇಳಿದಳು. ಅವರು ಕೊನೆಯವರೆಗೂ ಕೇಳಿದರು, ಆದರೆ ಮನಸ್ಸು ಕರಗಲಿಲ್ಲ.

"ಅಮ್ಮಾ, ಆದಿತ್ಯವಾರವು ಕರ್ತನು ಸಮಾಧಿಯಿಂದ ಎದ್ದ ದಿನ. ಲೋಕದಲ್ಲಿ ಎಲ್ಲಿಯೂ ಸಭೆ ಆ ದಿನವನ್ನು ಬಿಟ್ಟಿಲ್ಲ. ನೀವು ಬಿಟ್ಟರೆ ನಾನು ನಿಮಗೆ ಪ್ರಭುಭೋಜನ ಕೊಡುವುದು ಹೇಗೆ? ನಾನು ಇಲ್ಲಿಗೆ ಬರುವುದಾದರೂ ಹೇಗೆ?"

ಪಾದ್ರಿಯವರು ಬರುವುದು ನಿಂತರೆ ನಮ್ಮ ಮಕ್ಕಳಿಗೆ ದೀಕ್ಷಾಸ್ನಾನವಿಲ್ಲ, ಲಗ್ನವಿಲ್ಲ, ಸತ್ತರೆ ಪ್ರಾರ್ಥನೆಯಿಲ್ಲ. ಹಿರಿಯ ನನ್ನ ಅತ್ತೆಯನ್ನು, ನೋಡು ಏನು ಮಾಡಿದೆ ಎಂಬಂತೆ ನೋಡಿದ. ಅತ್ತೆ ಮಾತ್ರ ಟ್ರಂಕನ್ನೇ ನೋಡುತ್ತಿದ್ದಳು.

"ಅಯ್ಯನೋರ, ಇವತ್ತ ಐತವಾರ ಅಲ್ರಿ?"

"ಹೌದಮ್ಮ, ಅದನ್ನೇ ಹೇಳುತ್ತಿದ್ದೇನೆ."

"ರಸ್ತಾದಿಂದ ಇಲ್ಲೀತನ ಈ ಪೆಟಗಿ ಯಾರ ತಲಿ ಮ್ಯಾಲ ಬಂತ್ರಿ?"

ಪಾದ್ರಿಯವರು ಕಾಕಾನ ಕಡೆ ತಿರುಗಿದರು. ಅವರು ರಸ್ತೆಯಲ್ಲಿ ಟಾಂಗಾ ಇಳಿದಾಗ ಕಾಕಾ ಅಲ್ಲೇ ಹುಲ್ಲು ಕೊಯ್ಯುತ್ತಿದ್ದ. ಪ್ರತಿ ಸಲದಂತೆ ಕೇರಿಯವನೊಬ್ಬ ಸಿಕ್ಕ, ಪ್ರತಿ ಸಲದಂತೆ ಅವರು ಪೆಟ್ಟಿಗೆ ತೋರಿಸಿದರು, ಅವನು ಹೊತ್ತ. ಆಚೆ ಗೋಡೆಯ ಬಳಿ ನಿಂತಿದ್ದ ಕಾಕಾನಿಗೆ ಸಂಕೋಚವಾಯಿತು.

"ಇರ್ಲಿ ಬಿಡು ವೈನಿ. ಹಗೂರ ಇತ್ತು."

ಹಗುರ ಇರಲಿಲ್ಲ. ಅದನ್ನು ಮನೆಯೊಳಗೆ ಇಡಲು ಹೋಗಿ ನನ್ನ ನಡು ಹಿಡಿದಿತ್ತು. ಅತ್ತೆ ಎದ್ದು ರೊಟ್ಟಿ ತಟ್ಟಲು ಹೋದಳು. ಅವಳಿಗೆ ಪಾದ್ರಿಯವರ ಮೇಲೆ ಗೌರವ ಬಹಳ, ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವರು ತಲೆ ತಗ್ಗಿಸಿ ಉಂಡರು. ಅವತ್ತೇ ಹಿಂದಿರುಗಬೇಕಾಗಿದ್ದವರು ಹೋಗಲಿಲ್ಲ, ನಮ್ಮಲ್ಲೇ ಉಳಿದರು.

ಬೆಳಗಾಯಿತು, ಸೋಮವಾರ. ಪಾದ್ರಿಯವರು ಎದ್ದು ಕೇರಿಯ ತುಂಬ ಒಂದು ಸುತ್ತು ಹಾಕಿ ಬಂದರು. ಪಟೇಲರ ಹೊಲದ ಕಡೆಗೂ ಹೋಗಿ ನೋಡಿದರಂತೆ, ಯಾವ ಗಾಡಿಯೂ ಹೂಡಿರಲಿಲ್ಲ. ಬಂದವರೇ ಟ್ರಂಕು ತೆರೆದು ಬಟ್ಟಲು ಹೊರಗೆ ತೆಗೆದರು. ಹೊರಸಿನ ಮೇಲೆ ಬಿಳಿಯ ಬಟ್ಟೆ ಹಾಸಿ ರೊಟ್ಟಿ ಇಟ್ಟರು. ಅತ್ತೆಗೆ ಮೊದಲು ಕೊಟ್ಟರು. ಯಾಕೆ ಕೊಟ್ಟರು, ಏನು ಯೋಚಿಸಿದರು ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಕಾಕಾ ತನ್ನ ಗೋಡೆಗೆ ಒರಗಿ ಕಾಲು ಚಾಚಿ ಎಲ್ಲವನ್ನೂ ನೋಡುತ್ತಿದ್ದ.

ಹೊರಡುವ ಹೊತ್ತಾಯಿತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಕಾಕಾ ಎದ್ದು ತಲೆಯ ರುಮಾಲು ಬಿಚ್ಚಿ ಸಿಂಬಿ ಸುತ್ತಿಕೊಂಡು ಟ್ರಂಕಿನ ಹತ್ತಿರ ಬಂದ. ಪಾದ್ರಿಯವರು ಅವನ ಕೈ ಹಿಡಿದರು. ಪುಸ್ತಕದ ಕನ್ನಡ ಬಿಟ್ಟು, ತೊದಲುತ್ತ, ನಮ್ಮ ಮಾತಿನಲ್ಲಿ ಹೇಳಿದರು.

"ಬ್ಯಾಡ ಕಾಕಾ. ಇವತ್ತ ಸೋಮಾರ ಅದ."

ಹೇಳಿ, ಬಗ್ಗಿ, ಟ್ರಂಕನ್ನು ತಾವೇ ಎತ್ತಿ ತಲೆಯ ಮೇಲೆ ಇಟ್ಟುಕೊಂಡರು. ಹೊತ್ತು ಅಭ್ಯಾಸವಿಲ್ಲದ ತಲೆ, ಪೆಟ್ಟಿಗೆ ಒಂದು ಕಡೆಗೆ ವಾಲಿತು. ನನ್ನ ಗಂಡ ಓಡಿಹೋಗಿ ಹಿಡಿಯಲು ನೋಡಿದ, ಅತ್ತೆ ಕಣ್ಣಿನಿಂದಲೇ ಅವನನ್ನು ತಡೆದಳು. ಕಾಕಾ ಒಂದು ಕ್ಷಣ ನಿಂತು ನೋಡಿದ. ಆಮೇಲೆ ಹತ್ತಿರ ಹೋಗಿ, ಟ್ರಂಕನ್ನು ಒಂದು ಕೈಯಲ್ಲಿ ಸ್ವಲ್ಪ ಮೇಲಕ್ಕೆತ್ತಿ, ಎಷ್ಟೋ ಸಾಹೇಬರ ಸಾಮಾನು ಹೊತ್ತ ಆ ಸಿಂಬಿಯನ್ನು ಪಾದ್ರಿಯವರ ತಲೆಯ ಮೇಲೆ ನೆಟ್ಟಗೆ ಕೂರಿಸಿ, ಪೆಟ್ಟಿಗೆಯನ್ನು ಅದರ ಮೇಲೆ ಇಳಿಸಿದ.

"ಈಗ ನಡೀರಿ," ಎಂದ.

"ಕುತ್ತಿಗಿ ನೆಟ್ಟಗ ಇಟ್ಟು ನಡೀರಿ ಅಯ್ಯನೋರ, ಇಲ್ಲಂದ್ರ ನಾಳಿ ಏಳಾಕ ಬರಂಗಿಲ್ಲ," ಎಂದಳು ಅತ್ತೆ.

ಪಾದ್ರಿಯವರು ನಡೆದರು. ಅವರನ್ನು ಕಳಿಸಲು ಕೇರಿಯವರೆಲ್ಲ ರಸ್ತೆಯವರೆಗೂ ಹಿಂದೆ ಹಿಂದೆ ಹೋದೆವು, ಯೇಸುಸ್ವಾಮಿಯವರು, ಪೋಚಮ್ಮನವರು, ಎಲ್ಲರಿಗಿಂತ ಹಿಂದೆ ಕುಂಟುತ್ತ ಬರಿದಲೆಯ ಕಾಕಾ. ಅಷ್ಟು ಜನರಲ್ಲಿ ಹೊರೆ ಇದ್ದದ್ದು ಒಂದೇ ತಲೆಯ ಮೇಲೆ. ದಾರಿಯಲ್ಲಿ ಎದುರು ಬಂದ ಬೇರೆ ಊರಿನವರು ನಿಂತು ನೋಡಿದರು. ನಮ್ಮತ್ತೆ ಅವರನ್ನು ನೋಡಲಿಲ್ಲ, ಕುತ್ತಿಗೆ ನೆಟ್ಟಗೆ ಇಟ್ಟು ನಡೆಯುತ್ತಿದ್ದಳು.